ಅಂಗಡಿಯ ಗೊಂಬೆ, ದೂರದ ಸೂತ್ರಧಾರ

ಬಾನುಲಿಯನ್ನು ಕೇಳುವ ಮನೆಗಳವರಿಗೆ ದೂರದ ದನಿ ಈಗ ಸೋಜಿಗವಾಗಿ ಉಳಿದಿಲ್ಲ. ಧಾರವಾಡದಲ್ಲಿ ಒಬ್ಬರು ಮಾತನಾಡಿದರೆ ಗೋಕಾಕದ ಪಡಸಾಲೆಯಲ್ಲಿ, ಮೂಡಲಗಿಯ ಅಂಗಡಿಕಟ್ಟೆಯ ಮೇಲೆ, ಹುಕ್ಕೇರಿಯ ಅಡಿಗೆಮನೆಯಲ್ಲಿ ಅದು ಏಕಕಾಲಕ್ಕೆ ಕೇಳಿಸುತ್ತದೆ. ೧೯೩೫ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಪ್ರಸಾರವನ್ನು ಆರಂಭಿಸಿದಾಗ ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಒದಗಿತು. ಮುಂದೆ ಇಡೀ ದೇಶದ ಪ್ರಸಾರಕ್ಕೆ ಆ ಹೆಸರೇ ನಿಂತಿತು. ಧಾರವಾಡದ ಕೇಂದ್ರವು ೧೯೫೦ನೆಯ ಇಸವಿಯ ಜನವರಿ ೮ರಂದು ಆರಂಭವಾಯಿತು. ಪುರಾಣಗಳಲ್ಲಿ ಕಂಸನ ಕಿವಿಗೆ ಬಿದ್ದ ಅಶರೀರವಾಣಿ ಹೀಗೆ ನಮ್ಮ ಗೂಡಿನಲ್ಲಿ ಕುಳಿತುಕೊಂಡಿತು. ದನಿಯು ದೂರದಿಂದ ಬಂದು ಇಷ್ಟು ಕಾಲವಾಯಿತು. ಈಗ ಕೈಯೂ ದೂರದಿಂದ ಬರತೊಡಗಿದೆ. ಆ ದೂರದ ಕೈಯ ಚರಿತ್ರೆಯನ್ನು ಕೊಂಚ ವಿಚಾರಿಸೋಣ.

ವಾಚಕ ಮಹನೀಯರೇ, ಸಂಗತಿ ಇಷ್ಟು. ಜಪಾನ ದೇಶದ ಪಟ್ಟಣಗಳಲ್ಲಿ ಹಗಲಿರುಳೂ ತೆರೆದಿರುವ ಚಿಕ್ಕ ಅಂಗಡಿಗಳುಂಟು. ಅಂಥ ಕೆಲವು ಅಂಗಡಿಗಳಲ್ಲಿ ತಂಪು ಪಾನೀಯಗಳ ಕಪಾಟಿನ ಹಿಂದೆ ಒಂದು ಯಂತ್ರದ ತೋಳು ನಿಂತಿದೆ. ಖಾಲಿಯಾದ ಸಾಲಿಗೆ ಬಾಟಲಿಗಳನ್ನು ಒಂದೊಂದಾಗಿ ಜೋಡಿಸುವುದು ಅದರ ಕೆಲಸ. ಮುಂದುಗಡೆ ಗಲ್ಲೆಯ ಮೇಲೆ ಮನುಷ್ಯನೇ ಇದ್ದಾನೆ. ಹಣ ಎಣಿಸುತ್ತಾನೆ, ಗಿರಾಕಿಗೆ ನಮಸ್ಕರಿಸುತ್ತಾನೆ. ಹಿಂದಿನ ತೋಳು ಬಹುಮಟ್ಟಿಗೆ ತಾನೇ ದುಡಿಯುತ್ತದೆ. ಆದರೆ ಬಾಟಲಿ ಜಾರಿತೆಂದರೆ, ಹಿಡಿತ ತಪ್ಪಿತೆಂದರೆ, ಸಮುದ್ರದಾಚೆಗೆ ಸುಮಾರು ೩೦೦೦ ಕಿಲೋಮೀಟರು ದೂರದ ಮನಿಲಾ ನಗರದಲ್ಲಿ ಕುಳಿತ ಒಬ್ಬ ತರುಣನೋ ತರುಣಿಯೋ ಕಣ್ಣಿಗೆ ಪರದೆಯನ್ನು ಕಟ್ಟಿಕೊಂಡು, ಕೈಯಲ್ಲಿ ಹಿಡಿಕೆಯನ್ನು ಹಿಡಿದು, ಆ ತೋಳನ್ನು ತನ್ನ ತೋಳೆಂಬಂತೆ ಆಡಿಸಿ ಬಾಟಲಿಯನ್ನು ಎತ್ತಿ ನಿಲ್ಲಿಸುತ್ತಾರೆ. ಗಿರಾಕಿಗೆ ಇದಾವುದೂ ಕಾಣುವುದಿಲ್ಲ. ಅವನಿಗೆ ಕಾಣುವುದು ತುಂಬಿದ ಕಪಾಟು ಮಾತ್ರ.

ಯಂತ್ರಮಾನವ ಎಂದೊಡನೆ ತಾನೇ ನಡೆದು ತಾನೇ ವಿಚಾರ ಮಾಡುವ ಲೋಹದ ಮನುಷ್ಯನನ್ನು ನಾವು ಕಲ್ಪಿಸಿಕೊಳ್ಳುತ್ತೇವೆ. ಇಲ್ಲಿರುವುದು ಬೇರೆಯೇ ಜಾತಿಯದು. ಇದನ್ನು ತಿಳಿಯಲು ನಮ್ಮ ನಾಡಿನ ಸೂತ್ರದ ಗೊಂಬೆಯಾಟವೇ ಒಳ್ಳೆಯ ಕೀಲಿಕೈ. ಗೊಂಬೆ ಕುಣಿಯುತ್ತದೆ, ಕತ್ತಿ ಬೀಸುತ್ತದೆ, ಕೈಮುಗಿಯುತ್ತದೆ. ದಾರದ ತುದಿ ಮಾತ್ರ ಪರದೆಯ ಮೇಲ್ಗಡೆ ಒಬ್ಬನ ಬೆರಳಿನಲ್ಲಿರುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕಿಳ್ಳೇಕ್ಯಾತರು ತೊಗಲುಗೊಂಬೆಯಾಡಿಸುವಾಗಲೂ ಹೀಗೆಯೇ. ದೀಪದ ಮುಂದೆ ರಾಮ ರಾವಣರು ಹೋರಾಡುತ್ತಾರೆ, ಹಿಂದೆ ಒಂದೇ ಕುಟುಂಬದವರು ಕುಳಿತು ಕೋಲು ಹಿಡಿದು ಹಾಡುತ್ತಾರೆ. ಆದರೆ ಒಂದು ವಿಶೇಷವನ್ನು ಗಮನಿಸಬೇಕು. ಆ ಆಟದವರು ಯಾರೆಂಬುದು ಊರಿಗೆಲ್ಲ ಗೊತ್ತು. ಬೆಳಗಾದ ಮೇಲೆ ಅವರು ಮನೆಮನೆಗೆ ಬಂದರೆ ಕಾಳುಕಡಿ ಕೊಟ್ಟು ಕಳಿಸುತ್ತಾರೆ. ಗೊಂಬೆಯನ್ನು ಮೆಚ್ಚಿದವರು ಆಡಿಸಿದವರಿಗೆ ಕೊಡಬೇಕೆಂಬ ಲೆಕ್ಕ ಅಲ್ಲಿ ಸ್ಪಷ್ಟವಾಗಿತ್ತು. ಇಂದಿನ ಅಂಗಡಿಯ ಗೊಂಬೆಯ ವಿಷಯದಲ್ಲಿ ಈ ಲೆಕ್ಕ ಎಲ್ಲಿ ಹೋಯಿತು? ಈ ಲೇಖನದ ಪ್ರಶ್ನೆ ಇದೇ.

ಯಂತ್ರದ ಗೊಂಬೆಯ ಕನಸು ನಮ್ಮ ದೇಶಕ್ಕೆ ಹೊಸದಲ್ಲ. ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ಧಾರಾನಗರವನ್ನು ಆಳಿದ ಪರಮಾರ ಭೋಜನು ನಮ್ಮ ಕಲ್ಯಾಣದ ಚಾಲುಕ್ಯರ ಸಮಕಾಲೀನನು, ಅವರೊಡನೆ ಕಾದಾಡಿದವನು. ಅವನ ಹೆಸರಿನಲ್ಲಿರುವ 'ಸಮರಾಂಗಣಸೂತ್ರಧಾರ'ವೆಂಬ ವಾಸ್ತುಗ್ರಂಥದ ೩೧ನೆಯ ಅಧ್ಯಾಯವು ಯಂತ್ರಗಳನ್ನು ಕುರಿತದ್ದು. ಕೀಲುಗಳಿಂದ ಕೂಡಿಸಿದ ಮರದ ಸ್ತ್ರೀಪುರುಷ ಪ್ರತಿಮೆಗಳು, ಅವುಗಳ ಮೇಲೆ ತೊಗಲಿನ ಹೊದಿಕೆ, ಒಳಗೆ ಎಳೆಯುವ ದಾರಗಳು, ದೀಪಕ್ಕೆ ಎಣ್ಣೆಯನ್ನೆರೆಯುವ ಗೊಂಬೆ, ಬಾಗಿಲಲ್ಲಿ ಆಯುಧ ಹಿಡಿದು ಕಾಯುವ ಗೊಂಬೆ, ಇವೆಲ್ಲ ಅಲ್ಲಿ ಬರುತ್ತವೆ. ಈ ಗ್ರಂಥವು ೧೯೨೪-೨೫ರಲ್ಲಿ ಬಡೋದೆಯಿಂದ ಅಚ್ಚಾಯಿತು. ಪ್ರಾಚೀನ ಭಾರತದ ಯಂತ್ರಗಳನ್ನು ಕುರಿತು ವಿದ್ವಾಂಸರಾದ ವಿ. ರಾಘವನ್ ಅವರು ಬರೆದ ಪ್ರಬಂಧವು ೧೯೫೨ರಲ್ಲಿ ಬೆಂಗಳೂರಿನ ಬಸವನಗುಡಿಯಿಂದಲೇ ಪ್ರಕಟವಾಯಿತು. ಭೋಜನು ಒಂದು ಮಾತನ್ನು ಜಾಣತನದಿಂದ ಹೇಳುತ್ತಾನೆ: ಯಂತ್ರಗಳ ಪೂರ್ಣ ರಚನಾಕ್ರಮವನ್ನು ಬಿಡಿಸಿ ಹೇಳದಿರುವುದು ತಿಳಿಯದ್ದರಿಂದಲ್ಲ, ಗೋಪ್ಯವಾಗಿರಲೆಂದು. ಒಳಗುಟ್ಟು ತಿಳಿದರೆ ಬೆರಗು ಉಳಿಯದೆಂಬುದು ಅವನ ಅಭಿಪ್ರಾಯ. ದಾರವನ್ನು ಮರೆಮಾಡಿದಷ್ಟೂ ಗೊಂಬೆಯ ಬೆಲೆ ಏರುತ್ತದೆಂಬ ವ್ಯಾಪಾರದ ಗುಟ್ಟೂ ಇದರಲ್ಲಿದೆ.

ಈ ಗುಟ್ಟನ್ನು ಯುರೋಪಿನವರೂ ಬಲ್ಲವರಾಗಿದ್ದರು. ೧೭೭೦ರಲ್ಲಿ ಕೆಂಪೆಲೆನ್ ಎಂಬವನು ವಿಯೆನ್ನಾದ ರಾಣಿ ಮಾರಿಯಾ ತೆರೇಸಾಳ ಆಸ್ಥಾನದಲ್ಲಿ ಚದುರಂಗವಾಡುವ ಗೊಂಬೆಯೊಂದನ್ನು ತೋರಿಸಿದನು. ತುರ್ಕಿಯವನ ವೇಷದ ಆ ಗೊಂಬೆ ಪೆಟ್ಟಿಗೆಯೊಂದರ ಹಿಂದೆ ಕುಳಿತು ದೊಡ್ಡ ದೊಡ್ಡವರನ್ನು ಸೋಲಿಸಿತು. ೧೮೦೯ರಲ್ಲಿ ನೆಪೋಲಿಯನ್ನನೂ ಸೋತನು. ಪೆಟ್ಟಿಗೆಯೊಳಗೆ ಮೈಮುದುರಿಕೊಂಡು ಒಬ್ಬ ಚದುರಂಗಪಟು ಅಡಗಿದ್ದನು. ಕೀರ್ತಿ ಗೊಂಬೆಗೆ, ಹಣ ಅದರ ಒಡೆಯನಿಗೆ, ಬೆವರು ಪೆಟ್ಟಿಗೆಯೊಳಗಿನವನಿಗೆ. ಈ ಹಂಚಿಕೆಯನ್ನು ನೆನಪಿನಲ್ಲಿಡಿರಿ, ಮುಂದೆ ಬೇಕಾಗುತ್ತದೆ.

'ರೋಬೋ' ಎಂಬ ಮಾತಿನ ಹುಟ್ಟೂ ಇದಕ್ಕೆ ಪೋಷಕವಾಗಿದೆ. ಚೆಕ್ ಭಾಷೆಯ ನಾಟಕಕಾರ ಕಾರೆಲ್ ಚಾಪೆಕ್‌ನು ೧೯೨೦ರಲ್ಲಿ 'ಆರ್. ಯು. ಆರ್.' ಎಂಬ ನಾಟಕವನ್ನು ಪ್ರಕಟಿಸಿದನು. ಮರುವರ್ಷ ಪ್ರಾಗ್ ನಗರದಲ್ಲಿ ಅದು ರಂಗಕ್ಕೆ ಬಂದಿತು. ಕಾರಖಾನೆಯಲ್ಲಿ ತಯಾರಾದ ಕೃತಕ ಆಳುಗಳಿಗೆ ಏನು ಹೆಸರಿಡಲೆಂದು ಅವನು ಕೇಳಿದಾಗ ಅಣ್ಣ ಯೋಸೆಫ್‌ನು ಸೂಚಿಸಿದ ಹೆಸರಿದು. 'ರೋಬೋತಾ' ಎಂದರೆ ಆ ಭಾಷೆಯಲ್ಲಿ ಒಕ್ಕಲು ತನ್ನ ಜಮೀನುದಾರನಿಗೆ ಕೂಲಿಯಿಲ್ಲದೆ ಮಾಡಿಕೊಡಬೇಕಾಗಿದ್ದ ದುಡಿಮೆ. ನಮ್ಮ ಕನ್ನಡದಲ್ಲಿ ಇದಕ್ಕೆ ನೇರವಾದ ಮಾತುಂಟು: ಬಿಟ್ಟಿ. ಸಂಸ್ಕೃತದ 'ವಿಷ್ಟಿ'ಯಿಂದ ಬಂದ ಈ ಮಾತು ಶಾಸನಗಳಲ್ಲಿಯೂ ಬರುತ್ತದೆ, ಇಂದಿಗೂ ನಮ್ಮ ಕಡೆಯ 'ಬಿಟ್ಟಿ ಬೇಗಾರ' ಎಂಬ ನುಡಿಯಲ್ಲಿ ಉಳಿದಿದೆ. ರೋಬೋ ಎಂಬುದನ್ನು ಅಕ್ಷರಶಃ ಕನ್ನಡಿಸಿದರೆ 'ಬಿಟ್ಟಿಯಾಳು' ಎಂದಾಗುವುದು. ಹೆಸರಿನಲ್ಲಿಯೇ ಕೂಲಿಯ ಪ್ರಶ್ನೆ ಅಡಗಿದೆ.

ಇನ್ನು ದಾರದ ಕಥೆಗೆ ಬರೋಣ. ನೂಲಿನ ದಾರವು ಕಾಣದ ದಾರವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಗೆ, ಮತ್ತು ಆ ಕಥೆಯಲ್ಲಿ ನಮ್ಮ ದೇಶದವರ ಪಾಲೂ ಇದೆ. ೧೮೯೫ರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಕಲಕತ್ತೆಯ ಟೌನ್ ಹಾಲಿನಲ್ಲಿ ವಿದ್ಯುತ್ಕಾಂತ ಅಲೆಗಳನ್ನು ಗೋಡೆಗಳನ್ನು ದಾಟಿಸಿ, ದೂರದ ಕೋಣೆಯ ಗಂಟೆಯನ್ನು ಬಾರಿಸಿ ಮದ್ದನ್ನು ಸಿಡಿಸಿ ತೋರಿಸಿದರು. ಬಾನುಲಿಯು ಮಾತನ್ನು ಹೊರುವ ಮೊದಲೇ ಆ ಅಲೆಗಳು ದೂರದ ಕೆಲಸವನ್ನು ಮಾಡಿ ತೋರಿಸಿದ್ದುವು. ೧೮೯೮ರಲ್ಲಿ ನಿಕೋಲಾ ಟೆಸ್ಲಾನು ನ್ಯೂಯಾರ್ಕಿನ ಪ್ರದರ್ಶನದಲ್ಲಿ ನೀರಿನ ಕೊಳವೊಂದರಲ್ಲಿ ಚಿಕ್ಕ ದೋಣಿಯನ್ನು ತಂತಿಯಿಲ್ಲದೆ ನಡೆಸಿದನು. ನೋಡಲು ಬಂದವರಲ್ಲಿ ಒಬ್ಬರು ೬೪ರ ಘನಮೂಲವೆಷ್ಟೆಂದು ದೋಣಿಯನ್ನೇ ಕೇಳಿದರಂತೆ. ದೋಣಿಯ ದೀಪ ನಾಲ್ಕು ಸಲ ಮಿನುಗಿತು. ಜನರು ದೋಣಿಗೆ ಬುದ್ಧಿಯಿದೆಯೆಂದು ಬೆರಗಾದರು. ಉತ್ತರ ಕೊಟ್ಟವನು ಪಕ್ಕದಲ್ಲಿ ಗುಂಡಿಯನ್ನು ಒತ್ತುತ್ತ ನಿಂತಿದ್ದ ಟೆಸ್ಲಾನು! ದೂರಚಾಲಿತ ಯಂತ್ರದ ಮೊದಲ ಪ್ರದರ್ಶನದಲ್ಲಿಯೇ ಸೂತ್ರಧಾರನು ಮರೆಯಾದನು.

ಆಮೇಲೆ ಕೆಲಸ ನಿಧಾನವಾಗಿ ಬೆಳೆಯಿತು. ಅಣುಶಕ್ತಿಯ ಸಂಶೋಧನೆಯಲ್ಲಿ ವಿಷಕಿರಣಗಳನ್ನು ಸೂಸುವ ವಸ್ತುಗಳನ್ನು ಮುಟ್ಟುವಂತಿರಲಿಲ್ಲ. ಅದಕ್ಕಾಗಿ ೧೯೪೦ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯಲ್ಲಿ ರೇಮಂಡ್ ಗೋರ್ಟ್ಜ್ ಎಂಬ ಶಾಸ್ತ್ರಜ್ಞನು ದಪ್ಪ ಗೋಡೆಯ ಈಚೆಗೆ ಮನುಷ್ಯನ ಕೈ, ಆಚೆಗೆ ಅದನ್ನೇ ಅನುಕರಿಸುವ ಲೋಹದ ಕೈ ಇರುವ ಸಾಧನವನ್ನು ಕಟ್ಟಿದನು. ೧೯೮೦ರಲ್ಲಿ ಜಪಾನದ ಸುಸುಮು ತಾಚಿಯವರು ಮನುಷ್ಯನು ತಾನಿಲ್ಲದ ಜಾಗದಲ್ಲಿ ತಾನಿದ್ದಂತೆ ನೋಡಿ, ಮುಟ್ಟಿ, ದುಡಿಯುವ ಕಲ್ಪನೆಯನ್ನು ಮುಂದಿಟ್ಟರು. ೨೦೦೧ರ ಸೆಪ್ಟೆಂಬರ್ ೭ರಂದು ನ್ಯೂಯಾರ್ಕಿನಲ್ಲಿದ್ದ ವೈದ್ಯರು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಮಲಗಿದ್ದ ರೋಗಿಯ ಪಿತ್ತಕೋಶವನ್ನು ಯಂತ್ರದ ಕೈಗಳಿಂದ ತೆಗೆದರು.

ನಮ್ಮ ರಾಜ್ಯದಲ್ಲಿಯೇ ಇದರ ದೊಡ್ಡ ನಿದರ್ಶನ ನಡೆದಿದೆ. ೨೦೨೩ರ ಆಗಸ್ಟ್ ೨೩ರಂದು ಚಂದ್ರಯಾನ-೩ ಚಂದ್ರನ ಮೇಲಿಳಿದ ಬಳಿಕ, ೨೬ ಕಿಲೋ ತೂಕದ ಆರು ಗಾಲಿಯ 'ಪ್ರಜ್ಞಾನ್' ಬಂಡಿಯನ್ನು ಬೆಂಗಳೂರಿನಿಂದ ನಡೆಸಿದರು. ಆಗಸ್ಟ್ ೨೭ರಂದು ಬಂಡಿಯ ಮುಂದೆ ನಾಲ್ಕು ಮೀಟರು ಅಗಲದ ಕುಳಿಯೊಂದು ಕಂಡಿತು. ಬಂದ ದಾರಿಯನ್ನೇ ಹಿಡಿದು ಹಿಂದಿರುಗೆಂದು ಆಜ್ಞೆ ಹೋಯಿತು, ಬಂಡಿ ತಿರುಗಿತು. ಬೆಳಕಿನ ವೇಗದಲ್ಲಿ ಹೋದರೂ ಆಜ್ಞೆ ಚಂದ್ರನನ್ನು ಮುಟ್ಟಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಆದಕಾರಣ ಪ್ರತಿ ಹೆಜ್ಜೆಯನ್ನೂ ಮೊದಲೇ ಯೋಚಿಸಬೇಕಾಗುತ್ತದೆ. ಟೋಕಿಯೋ ಮನಿಲಾಗಳ ನಡುವೆ ಈ ತೊಡಕು ತೀರ ಸಣ್ಣದು. ಆದ್ದರಿಂದಲೇ ಚಂದ್ರನವರೆಗೆ ಹೋದ ವಿದ್ಯೆ ಅಂಗಡಿಯ ಕಪಾಟಿಗೆ ಇಳಿದುಬರುವುದು ಸಾಧ್ಯವಾಯಿತು.

ಅಂಗಡಿಗೂ ತನ್ನದೇ ಚರಿತ್ರೆಯುಂಟು. ಹಳೆಯ ಕಿರಾಣಿ ಅಂಗಡಿಯಲ್ಲಿ ಗಿರಾಕಿ ಹೊರಗೆ ನಿಲ್ಲುತ್ತಿದ್ದನು, ಸರಕು ಒಳಗಿರುತ್ತಿತ್ತು, ನಡುವೆ ಅಂಗಡಿಕಾರನ ಕೈ. ಬೇಳೆಯನ್ನು ತೂಗಿ, ಕಾಗದದ ಪೊಟ್ಟಣ ಕಟ್ಟಿ, ಉದ್ರಿಯಾದರೆ ವಹಿಯಲ್ಲಿ ಬರೆದು ಕೊಡುತ್ತಿದ್ದ ಆ ಕೈಯೇ ಅಂಗಡಿ. ೧೯೧೬ರಲ್ಲಿ ಅಮೆರಿಕದ ಮೆಂಫಿಸ್ ಊರಿನಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬವನು 'ಪಿಗ್ಲಿ ವಿಗ್ಲಿ' ಎಂಬ ಅಂಗಡಿಯನ್ನು ತೆರೆದು, ಗಿರಾಕಿಗಳೇ ಬುಟ್ಟಿ ಹಿಡಿದು ಸಾಮಾನನ್ನು ಆರಿಸಿಕೊಳ್ಳುವ ಪದ್ಧತಿಯನ್ನು ಹಾಕಿದನು. ಅಂದಿನಿಂದ ಕೊಡುವ ಕೈಯ ಕೆಲಸ ಗಿರಾಕಿಯ ಮೇಲೆ ಬಿದ್ದಿತು. ಅಂಗಡಿಯವರ ಪಾಲಿಗೆ ಉಳಿದದ್ದು ಎರಡು: ಗಲ್ಲೆಯ ಲೆಕ್ಕ ಮತ್ತು ಕಪಾಟನ್ನು ತುಂಬುವುದು. ತುಂಬುವ ಕೆಲಸ ಯಾರ ಕಣ್ಣಿಗೂ ಬೀಳದ್ದು, ಬೇಸರದ್ದು. ತಂಪು ಪಾನೀಯಗಳ ಹಿಂಬದಿಯಾದರೆ ಚಳಿಯಲ್ಲಿ ನಿಂತು ಮಾಡಬೇಕಾದದ್ದು. ಯಂತ್ರದ ತೋಳು ಮೊದಲು ಹಿಡಿದದ್ದು ಈ ಕೆಲಸವನ್ನೇ.

ಜಪಾನದಲ್ಲಿ ಇದು ಮೊದಲಾಗಲು ಕಾರಣವುಂಟು. ಅಲ್ಲಿ ನೂರಕ್ಕೆ ಸುಮಾರು ೨೯ ಮಂದಿ ೬೫ ವರ್ಷ ದಾಟಿದವರು. ಅಂಗಡಿಗಳು ರಾತ್ರಿಯೆಲ್ಲ ತೆರೆದಿರಬೇಕು, ದುಡಿಯುವ ತರುಣರು ಸಾಲುತ್ತಿಲ್ಲ. ೨೦೧೭ರಲ್ಲಿ ಟೋಕಿಯೋದಲ್ಲಿ ಸ್ಥಾಪನೆಯಾದ ಟೆಲಿಎಗ್ಸಿಸ್ಟೆನ್ಸ್ ಎಂಬ ಕಂಪನಿಯು, ಹೆಸರೇ ಹೇಳುವಂತೆ, ತಾಚಿಯವರ ಕಲ್ಪನೆಯಿಂದ ಹುಟ್ಟಿದ್ದು. ೨೦೨೦ರಲ್ಲಿ ಅದು ಫ್ಯಾಮಿಲಿಮಾರ್ಟ್ ಹಾಗೂ ಲಾಸನ್ ಎಂಬ ಎರಡು ದೊಡ್ಡ ಅಂಗಡಿ ಸಂಸ್ಥೆಗಳ ಮಳಿಗೆಗಳಲ್ಲಿ ದೂರಚಾಲಿತ ಯಂತ್ರಮಾನವನನ್ನು ಇಟ್ಟು ಪರೀಕ್ಷಿಸಿತು. ಆಗ ಗೊಂಬೆಯ ಪ್ರತಿ ಚಲನೆಯ ಹಿಂದೆಯೂ ಒಬ್ಬ ಮನುಷ್ಯನು ಇರಬೇಕಾಗಿತ್ತು. ಒಬ್ಬನ ಕೆಲಸಕ್ಕೆ ಇನ್ನೊಬ್ಬನೇ ಬೇಕಾದರೆ ವ್ಯಾಪಾರಕ್ಕೆ ಲಾಭವೆಲ್ಲಿ? ೨೦೨೨ರ ಆಗಸ್ಟಿನಲ್ಲಿ ಫ್ಯಾಮಿಲಿಮಾರ್ಟ್ ೩೦೦ ಮಳಿಗೆಗಳಲ್ಲಿ ಹೊಸ ಬಗೆಯ ತೋಳನ್ನು ಇಡುವ ಯೋಜನೆಯನ್ನು ಸಾರಿತು. ಇದು ದಿನಕ್ಕೆ ಸುಮಾರು ೧೦೦೦ ಬಾಟಲಿಗಳನ್ನು ಜೋಡಿಸಬಲ್ಲದು. ಬಹುಪಾಲು ಕೆಲಸವನ್ನು ಕೃತಕ ಬುದ್ಧಿಮತ್ತೆಯೇ ಮಾಡುತ್ತದೆ, ತಪ್ಪಿದಾಗ ಮಾತ್ರ ದೂರದ ಮನುಷ್ಯನು ಕೈಹಾಕುತ್ತಾನೆ.

ಆ ಮನುಷ್ಯನು ಜಪಾನದಲ್ಲಿಯೇ ಇರಬೇಕೆಂಬ ನಿಯಮವಿಲ್ಲವಲ್ಲ. ೨೦೨೫ರಲ್ಲಿ ಪತ್ರಿಕೆಗಳಲ್ಲಿ ಬಂದ ವರದಿಯಂತೆ ಮನಿಲಾದ ಒಂದು ಕಚೇರಿಯಲ್ಲಿ ಸುಮಾರು ೬೦ ಮಂದಿ ತರುಣ ತರುಣಿಯರು ಈ ಕೆಲಸದಲ್ಲಿದ್ದರು. ಒಬ್ಬೊಬ್ಬರೂ ಏಕಕಾಲಕ್ಕೆ ಸುಮಾರು ೫೦ ಯಂತ್ರಗಳ ಮೇಲೆ ಕಣ್ಣಿಡಬೇಕು. ನೂರಕ್ಕೆ ಸುಮಾರು ನಾಲ್ಕು ಸಲ ಕೈಹಾಕಬೇಕು. ಅವರ ಸಂಬಳ ಫಿಲಿಪ್ಪೀನ್ಸಿನ ಲೆಕ್ಕದ್ದು, ಜಪಾನಿನ ಲೆಕ್ಕದ್ದಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಅವರು ಬಾಟಲಿಯನ್ನು ಎತ್ತಿ ನಿಲ್ಲಿಸುವ ಪ್ರತಿ ಸಲವೂ ಆ ಕೈಚಲನೆ ದಾಖಲಾಗಿ, ಅದರಿಂದ ಯಂತ್ರವನ್ನು ಇನ್ನಷ್ಟು ಪಳಗಿಸಬಹುದು. ಇಂದಿನ ದುಡಿಮೆ ನಾಳಿನ ದುಡಿಮೆಯನ್ನು ಕಡಿಮೆ ಮಾಡುತ್ತ ಹೋಗುತ್ತದೆ. ಮಗ್ಗದ ಮುಂದೆ ಕುಳಿತು ಮಗನಿಗೆ ನೇಯ್ಗೆ ಕಲಿಸಿದ ತಂದೆಗೆ ಮುಪ್ಪಿನಲ್ಲಿ ಮಗನ ಆಸರೆ ದೊರೆಯುತ್ತಿತ್ತು. ಯಂತ್ರಕ್ಕೆ ಕಲಿಸಿದವನಿಗೆ ಆಸರೆ ಯಾರದು?

ಹಾಗೆಂದು ದೂರದ ಕೈಯನ್ನು ಬರಿಯ ಶೋಷಣೆಯೆಂದು ತಳ್ಳಿಬಿಡಲಾಗದು. ಅದೇ ಟೋಕಿಯೋದಲ್ಲಿ ಇನ್ನೊಂದು ದೃಷ್ಟಾಂತವಿದೆ. ಯೋಶಿಫುಜಿ ಕೆಂಟಾರೋ ಎಂಬವರು ಬಾಲ್ಯದಲ್ಲಿ ಕಾಯಿಲೆಯಿಂದ ವರ್ಷಗಟ್ಟಲೆ ಶಾಲೆಗೆ ಹೋಗಲಾಗದೆ ಮನೆಯಲ್ಲಿ ಉಳಿದವರು. ದೊಡ್ಡವರಾದ ಮೇಲೆ ಅವರು 'ಓರಿಹಿಮೆ' ಎಂಬ ಗೊಂಬೆಯನ್ನು ಕಟ್ಟಿದರು. ೨೦೧೮ರಲ್ಲಿ ಕೆಲವು ದಿನಗಳ ಮಟ್ಟಿಗೆ, ೨೦೨೧ರ ಜೂನಿನಿಂದ ಕಾಯಂ ಆಗಿ, ಈ ಗೊಂಬೆಗಳು ಚಹಾ ಕಾಫಿ ತಂದುಕೊಡುವ ಉಪಾಹಾರಗೃಹವನ್ನು ಅಲ್ಲಿ ನಡೆಸತೊಡಗಿದರು. ಗೊಂಬೆಯನ್ನು ನಡೆಸುವವರು ಹಾಸಿಗೆ ಬಿಟ್ಟು ಏಳಲಾರದ ರೋಗಿಗಳು, ಅಂಗವೈಕಲ್ಯವುಳ್ಳವರು. ಕೈಕಾಲುಗಳ ಸ್ವಾಧೀನ ತಪ್ಪಿದವರು ಕಣ್ಣಿನ ನೋಟದಿಂದಲೇ ಗೊಂಬೆಯನ್ನು ಆಡಿಸುತ್ತಾರೆ. ಅವರು ಗಿರಾಕಿಯೊಡನೆ ಮಾತನಾಡುತ್ತಾರೆ, ತಮ್ಮ ಹೆಸರು ಹೇಳುತ್ತಾರೆ, ದುಡಿದ ಹೊತ್ತಿಗೆ ಸಂಬಳ ಪಡೆಯುತ್ತಾರೆ. ಮನೆಯ ಮೂಲೆಯಲ್ಲಿ ವರ್ಷಾನುಗಟ್ಟಲೆ ಮಲಗಿದವರಿಗೆ 'ನಾಳೆ ನನಗೆ ಕೆಲಸವಿದೆ' ಎಂದು ಹೇಳಲು ಸಾಧ್ಯವಾಯಿತು. ಅಂಥವರಿರುವ ಮನೆಗಳು ನಮ್ಮ ಊರುಗಳಲ್ಲಿಯೂ ಇವೆ. ಈ ಮಾತಿನ ಬೆಲೆ ಆ ಮನೆಯವರಿಗೆ ತಿಳಿಯುತ್ತದೆ.

ಎರಡು ಕಡೆಯೂ ವಿದ್ಯೆ ಒಂದೇ, ದಾರ ಒಂದೇ. ಒಂದು ಕಡೆ ಸೂತ್ರಧಾರನಿಗೆ ಹೆಸರಿದೆ, ಇನ್ನೊಂದು ಕಡೆ ಇಲ್ಲ. ಭೇದವನ್ನು ಹುಟ್ಟಿಸುವುದು ಯಂತ್ರವಲ್ಲವೆಂದಾಯಿತು. ದಾರವು ಯಾರ ಒಡೆತನದಲ್ಲಿದೆ, ಯಾವ ಕರಾರಿನ ಮೇಲೆ ನಡೆಯುತ್ತದೆ ಎಂಬುದು. ಇದನ್ನು ತಿಳಿಯಲು ಜಪಾನಿಗೆ ಹೋಗಬೇಕಾದ ಕಾರಣವಿಲ್ಲ. ನಮ್ಮ ಘಟಪ್ರಭೆಯ ದಂಡೆಯ ಮೇಲೆಯೇ ಎರಡು ಪಾಠಗಳಿವೆ.

ಮೊದಲನೆಯದು ಗೋಕಾಕ ಜಲಪಾತದ್ದು. ಸುಮಾರು ೧೭೦ ಅಡಿ ಎತ್ತರದಿಂದ ಬೀಳುವ ನೀರಿನ ಬಲವನ್ನು ಕಂಡು ೧೮೮೫ರಲ್ಲಿ ಗೋಕಾಕ ವಾಟರ್ ಪವರ್ ಅಂಡ್ ಮ್ಯಾನ್ಯುಫ್ಯಾಕ್ಚರಿಂಗ್ ಕಂಪನಿಯು ಸ್ಥಾಪನೆಯಾಯಿತು. ೧೮೮೭ರಲ್ಲಿ ನೂಲಿನ ಗಿರಣಿ ಕೆಲಸಕ್ಕೆ ತೊಡಗಿತು. ಆಡಳಿತವು ಮುಂಬಯಿಯ ಫೋರ್ಬ್ಸ್ ಸಂಸ್ಥೆಯದು. ನೀರು ನಮ್ಮದು, ದುಡಿಯುವ ಕೈ ನಮ್ಮದು, ಸೂತ್ರ ಮುಂಬಯಿಯಲ್ಲಿ. ಗಿರಣಿಯಿಂದ ಈ ಭಾಗದ ಸಾವಿರಾರು ಮನೆಗಳಲ್ಲಿ ಒಲೆ ಉರಿದದ್ದು ನಿಜ, ಅದನ್ನು ಮರೆಯಲಾಗದು. ಆದರೆ ದುಡಿಮೆಯ ಹೊತ್ತಿಗೆ ಮಿತಿ ಎಂದು ಬಂದಿತೆಂಬುದನ್ನು ನೋಡಿರಿ. ೧೮೮೧ರ ಕಾರಖಾನೆ ಕಾಯಿದೆಯು ಏಳು ವರ್ಷದೊಳಗಿನ ಮಕ್ಕಳನ್ನು ಮಾತ್ರ ಹೊರಗಿಟ್ಟು, ಹನ್ನೆರಡರೊಳಗಿನವರಿಗೆ ದಿನಕ್ಕೆ ಒಂಬತ್ತು ಗಂಟೆಯ ಮಿತಿ ಹಾಕಿತು. ಹೆಂಗಸರಿಗೆ ಹನ್ನೊಂದು ಗಂಟೆಯ ಮಿತಿ ಬಂದದ್ದು ೧೮೯೧ರಲ್ಲಿ. ಬಟ್ಟೆಗಿರಣಿಯ ಗಂಡಸರಿಗೆ ಹನ್ನೆರಡು ಗಂಟೆಯ ಮಿತಿ ದೊರೆಯಲು ೧೯೧೧ ಬರಬೇಕಾಯಿತು. ವಾರಕ್ಕೆ ೪೮ ಗಂಟೆ ಎಂಬ ನ್ಯಾಯ ೧೯೪೬ರ ತಿದ್ದುಪಡಿಯಲ್ಲಿ ಬಂದಿತು. ಗೋಕಾಕದ ಕದಿರು ತಿರುಗತೊಡಗಿ ಅಷ್ಟು ಹೊತ್ತಿಗೆ ೫೯ ವರ್ಷ. ಯಂತ್ರ ಕುದುರೆಯ ಮೇಲೆ ಬಂದರೆ ಕಾಯಿದೆ ಎತ್ತಿನ ಬಂಡಿಯಲ್ಲಿ ಬರುತ್ತದೆ. ನಡುವಣ ದಾರಿಯಲ್ಲಿ ಎರಡು ತಲೆಮಾರು ಸವೆದುಹೋಗುತ್ತದೆ.

ಎರಡನೆಯ ಪಾಠ ಹುಕ್ಕೇರಿಯದು. ೧೯೬೯ರಲ್ಲಿ ದೇಶದಲ್ಲಿ ಪ್ರಯೋಗಕ್ಕೆಂದು ಐದು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘಗಳು ಹುಟ್ಟಿದವು. ಗುಜರಾತದ ಕೋಡಿನಾರ, ಅಂದಿನ ಆಂಧ್ರದ ಸಿರಿಸಿಲ್ಲಾ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ, ಇವುಗಳ ಜೊತೆಗೆ ಅಂದಿನ ಮೈಸೂರು ರಾಜ್ಯದ ಹುಕ್ಕೇರಿ. ಕರ್ನಾಟಕದಲ್ಲಿ ಇಂಥ ಸಂಘ ಇದೊಂದೇ. ವಿದ್ಯುತ್ತನ್ನು ಸಗಟಾಗಿ ಕೊಂಡು ಹಳ್ಳಿಹಳ್ಳಿಗೆ ತಂತಿ ಎಳೆದು ಹಂಚುವ ಈ ಸಂಘದ ಒಡೆಯರು ಅದರ ಸದಸ್ಯರೇ. ದೀಪ ಹಚ್ಚುವ ಮನೆಯವನೂ ಪಂಪು ನಡೆಸುವ ಒಕ್ಕಲಿಗನೂ ಸಭೆಯಲ್ಲಿ ಕುಳಿತು ಲೆಕ್ಕ ಕೇಳಬಲ್ಲನು. ತಂಟೆ ತಕರಾರುಗಳು ಎಲ್ಲಿ ಇಲ್ಲ? ಆದರೂ ತಂತಿಯ ತುದಿ ನಮ್ಮ ಕೈಯಲ್ಲಿಯೂ ಇರಬಹುದೆಂಬುದಕ್ಕೆ ಹುಕ್ಕೇರಿ ಸಾಕ್ಷಿ. ೧೯೦೫ರಲ್ಲಿ ಗದುಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿ ತೋರಿಸಿದ ದಾರಿಯನ್ನು ವಿದ್ಯುತ್ತಿನ ಕಾಲಕ್ಕೆ ಹೊಂದಿಸಿಕೊಂಡವರು ಇವರು.

ಈಗ ನಮ್ಮ ಪೇಟೆಗಳ ಮಾತು. ಗೋಕಾಕದ ಕರದಂಟಿನ ಅಂಗಡಿಯಲ್ಲಿಯೂ ಮೂಡಲಗಿಯ ಕಿರಾಣಿಯಲ್ಲಿಯೂ ಯಂತ್ರದ ತೋಳು ಬಂದು ನಿಂತೀತೇ ಎಂದು ನೀವು ಕೇಳಬಹುದು. ಯಂತ್ರವು ಮನುಷ್ಯನ ಕೈ ತುಟ್ಟಿಯಾದ ಕಡೆಗೆ ಹೋಗುತ್ತದೆ. ನಮ್ಮಲ್ಲಿ ಕೈ ಇನ್ನೂ ಅಗ್ಗ. ಅಲ್ಲದೆ, 'ಯಾಕ್ರೀ ಕಾಕಾ, ಮಗಳ ಮದುವಿ ಯಾವಾಗ?' ಎಂದು ಕೇಳುತ್ತ ತೂಗುವ ತಕ್ಕಡಿಗೆ ಬೇರೊಂದು ತೂಕವುಂಟು. ಆದ್ದರಿಂದ ಗೊಂಬೆ ನಮ್ಮ ಅಂಗಡಿಗೆ ಬರುವ ಮೊದಲು ದಾರದ ಇನ್ನೊಂದು ತುದಿ ನಮ್ಮ ಮನೆಗೆ ಬರುವ ಸಂಭವವೇ ಹೆಚ್ಚು. ಇದು ಬರಿಯ ಊಹೆಯಲ್ಲ. ಬ್ರಿಟನ್ನಿನ ದೊಡ್ಡ ಅಂಗಡಿ ಸಂಸ್ಥೆಯಾದ ಟೆಸ್ಕೊ ೨೦೦೪ರಲ್ಲಿಯೇ ಬೆಂಗಳೂರಿನಲ್ಲಿ ಸೇವಾಕೇಂದ್ರವನ್ನು ತೆರೆದು ತನ್ನ ಗಣಕ ವ್ಯವಸ್ಥೆಯ ಕೆಲಸವನ್ನೂ ಲೆಕ್ಕಪತ್ರವನ್ನೂ ಇಲ್ಲಿಂದ ನಡೆಸತೊಡಗಿತು. ಪರದೇಶದ ಗಿರಾಕಿಗಳ ಕರೆಗೆ ರಾತ್ರಿಯೆಲ್ಲ ಉತ್ತರ ಕೊಡುವ ಕೇಂದ್ರಗಳಲ್ಲಿ ನಮ್ಮ ಎಷ್ಟೋ ಹುಡುಗ ಹುಡುಗಿಯರು ಪರದೇಶದ ಹೆಸರಿಟ್ಟುಕೊಂಡು, ಪರದೇಶದ ಉಚ್ಚಾರ ಕಲಿತು ದುಡಿದರು. ಅಲ್ಲಿ ಲೆಕ್ಕ ಬರೆಯುವ ಕೈಯೂ ಉತ್ತರಿಸುವ ದನಿಯೂ ದೂರ ಹೋದವು. ಮನಿಲಾದಲ್ಲಿ ಬಾಟಲಿ ಎತ್ತುವ ಕೈಯೂ ಹೋಗಿದೆ. ನಾಳೆ ಮೂಡಲಗಿಯ ಪದವೀಧರನೊಬ್ಬನು ಇಲ್ಲಿಯೇ ಕುಳಿತು ಬೇರೊಂದು ಖಂಡದ ಅಂಗಡಿಯ ಕಪಾಟನ್ನು ತುಂಬುವ ದಿನ ಬಂದರೆ ಆಶ್ಚರ್ಯವಿಲ್ಲ.

ಆ ದಿನಕ್ಕೆ ಕೇಳಬೇಕಾದ ಪ್ರಶ್ನೆಗಳನ್ನು ಇಂದೇ ಬರೆದಿಟ್ಟುಕೊಳ್ಳುವುದು ಲೇಸು. ೧೯೬೧ರಲ್ಲಿ ನಮ್ಮ ರಾಜ್ಯದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಬಂದು ಅಂಗಡಿಯ ಗುಮಾಸ್ತನಿಗೆ ದುಡಿಮೆಯ ಮಿತಿಯೂ ವಾರದ ರಜೆಯೂ ದೊರೆತವು. ಅಂಗಡಿ ಒಂದು ದೇಶದಲ್ಲಿ, ಕೈ ಇನ್ನೊಂದು ದೇಶದಲ್ಲಿ ಇದ್ದರೆ ಆ ಕೈಗೆ ಯಾವ ದೇಶದ ಕಾಯಿದೆ? ಬಾಟಲಿ ಒಡೆದರೆ ಹೊಣೆ ಯಾರದು? ಕಣ್ಣಿಗೆ ಪರದೆ ಕಟ್ಟಿಕೊಂಡು ದಿನವಿಡೀ ದುಡಿದು ತಲೆಸುತ್ತು ಬಂದರೆ ಔಷಧದ ಖರ್ಚು ಯಾರದು? ಅವನ ಕೈಚಲನೆಯಿಂದ ಯಂತ್ರವು ಕಲಿತ ವಿದ್ಯೆಗೆ ಬೆಲೆಯುಂಟೋ ಇಲ್ಲವೋ? ೨೦೨೫ರಲ್ಲಿ ಕರ್ನಾಟಕವು ಮೊಬೈಲಿನ ಮೂಲಕ ಕೆಲಸ ಹಿಡಿಯುವ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಕಾನೂನು ಮಾಡಿತು. ಕಾಣದ ಒಡೆಯನಿಗೆ ದುಡಿಯುವವರ ಕಡೆಗೆ ಸರಕಾರದ ದೃಷ್ಟಿ ಬೀಳತೊಡಗಿದೆಯೆಂಬುದಕ್ಕೆ ಇದು ಗುರುತು. ಆದರೆ ಸಮುದ್ರದಾಚೆಯ ಒಡೆಯನ ಪ್ರಶ್ನೆ ಇದಕ್ಕಿಂತ ತೊಡಕಿನದು.

ಯಂತ್ರ ಬೇಡವೆನ್ನುವುದು ಈ ಲೇಖನದ ಉದ್ದೇಶವಲ್ಲ. ಚಳಿಯ ಕೋಣೆಯಲ್ಲಿ ನಿಂತು ಸಾವಿರ ಬಾಟಲಿಗಳನ್ನು ಎತ್ತುವ ಕೆಲಸ ಮನುಷ್ಯನ ಬೆನ್ನಿನಿಂದ ಇಳಿದರೆ ಒಳ್ಳೆಯದೇ. ಹಾಸಿಗೆ ಹಿಡಿದವರ ಕಣ್ಣಿಗೆ ಕೈ ಮೂಡಿದರೆ ಅದಕ್ಕಿಂತ ಮಿಗಿಲಾದ ಭಾಗ್ಯವಿಲ್ಲ. ಬೇಕಾದದ್ದು ಒಂದು ಅಭ್ಯಾಸ ಮಾತ್ರ. ಇನ್ನು ಮೇಲೆ 'ಮನುಷ್ಯರಿಲ್ಲದ ಅಂಗಡಿ', 'ತಾನೇ ದುಡಿಯುವ ಯಂತ್ರ' ಎಂಬ ಸುದ್ದಿಯನ್ನು ಬಾನುಲಿಯಲ್ಲಿ ಕೇಳಿದಾಗ, ಪತ್ರಿಕೆಯಲ್ಲಿ ಓದಿದಾಗ, ದಾರದ ಇನ್ನೊಂದು ತುದಿ ಎಲ್ಲಿದೆಯೆಂದು ವಿಚಾರಿಸಿರಿ. ಅಲ್ಲಿ ಕುಳಿತವರ ಹೆಸರೇನು, ಎಷ್ಟು ಹೊತ್ತು ದುಡಿಯುತ್ತಾರೆ, ಏನು ಪಡೆಯುತ್ತಾರೆ ಎಂದು ಕೇಳಿರಿ. ನಿಮ್ಮ ಮಕ್ಕಳಿಗೆ ಅಂಥ ಕೆಲಸ ಬಂದಾಗ ಕರಾರಿನ ಕಾಗದವನ್ನು ಅವರೊಡನೆ ಕುಳಿತು ಓದಿರಿ. ಸಾಧ್ಯವಾದರೆ ನಾಲ್ಕು ಜನ ಕೂಡಿ, ಹುಕ್ಕೇರಿಯವರಂತೆ, ತಂತಿಯ ಒಡೆತನವನ್ನೇ ಕೇಳಿರಿ. ಗಿರಣಿಯ ಕಾಲದಲ್ಲಿ ನ್ಯಾಯ ಬರಲು ೫೯ ವರ್ಷ ಹಿಡಿಯಿತು. ಈ ಸಲ ಅಷ್ಟು ಕಾಲ ಕಾಯುವ ಅಗತ್ಯವಿಲ್ಲ.